ಗುರುಬಲದ ಬ್ಯಾಟರಿ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅನುಮಾನವಿದ್ದರೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಬೇಕಾದರೂ ಕೇಳಿ ನೋಡಿ, ಅವರು ಇದಕ್ಕಿಂತ ಹೆಚ್ಚೇ ಹೇಳುತ್ತಾರೆ. ನಂಬುವ ಹಾಗಿದ್ದಷ್ಟನ್ನು ಮಾತ್ರ ಆರಿಸಿ ಇಲ್ಲಿ ಇಟ್ಟಿದ್ದೇನೆ.

ಕೊಪ್ಪದ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿ ಮೇಲೆ ವೀರೇಶನ ರಿಪೇರಿ ಅಂಗಡಿ ಇದೆ. ಅಲ್ಲಿ ರಿಪೇರಿಯಾಗುವುದು ಹಳೇ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಮಾತ್ರ. ಲ್ಯಾಪ್‌ಟಾಪ್ ತಂದರೆ ಶಿವಮೊಗ್ಗಕ್ಕೆ ಕಳಿಸುತ್ತಾನೆ, ಮೊಬೈಲ್ ತಂದರೆ ಮುಖ ತಿರುಗಿಸುತ್ತಾನೆ. ಸ್ಕ್ರೂಡ್ರೈವರಿಗೆ ಬಿಚ್ಚಿಕೊಳ್ಳದ ಯಾವುದನ್ನೂ ಅವನು ಯಂತ್ರವೆಂದು ಒಪ್ಪುವುದಿಲ್ಲ. ಬೇರೆಯವರು ಗುಜರಿಗೆ ಹಾಕಿ ಎಂದ ಕಂಪ್ಯೂಟರುಗಳು ಗೋಣಿಚೀಲದಲ್ಲಿ ಕೂತು, ಬಸ್ಸಿನ ಡ್ರೈವರ್ ಪಕ್ಕದ ಜಾಗದಲ್ಲಿ ಪ್ರಯಾಣ ಮಾಡಿ ಅವನಲ್ಲಿಗೆ ಬರುತ್ತವೆ.

ಒಮ್ಮೆ ಕಿಗ್ಗದ ಒಂದು ಮನೆಯವರು ಮಳೆಗಾಲ ಪೂರ್ತಿ ಕಂಪ್ಯೂಟರ್ ಹಚ್ಚದೇ ಮೂಲೆಯಲ್ಲಿಟ್ಟಿದ್ದರು. ಆಮೇಲೆ ಮುಚ್ಚಳ ತೆಗೆದರೆ ಒಳಗೆ ಅಣಬೆ ಎದ್ದಿತ್ತು. ಮನೆಯಾಕೆ ಮೊದಲು ಅಣಬೆ ಕಿತ್ತು ಪಲ್ಯ ಮಾಡಿ, ಎಲ್ಲರೂ ಉಂಡ ಮೇಲೆ ವೀರೇಶನಿಗೆ ಫೋನ್ ಮಾಡಿದಳು. ಪಲ್ಯ ಚೆನ್ನಾಗಿತ್ತಂತೆ. ಕಮ್ಮರಡಿಯಲ್ಲಿ ಹಾಗಾಗದಿರಲಿ ಎಂದು ಸಿಪಿಯು ಪಕ್ಕ ಒಂದು ಬಲ್ಬ್ ಉರಿಸಿಟ್ಟು, ಎರಡಕ್ಕೂ ಸೇರಿಸಿ ಕೋಳಿಬುಟ್ಟಿ ಕವುಚುವ ಪದ್ಧತಿ ಇದೆ. ಒಂದು ಮನೆಯಲ್ಲಿ ಹೇಂಟೆ ಒಳಗೆ ನುಗ್ಗಿ ಕಾವಿಗೆ ಕೂತು ಮರಿ ಮಾಡಿತು ಎನ್ನುವವರಿದ್ದಾರೆ. ವೀರೇಶ ಅದನ್ನು ಕಣ್ಣಾರೆ ನೋಡಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ.

ಅಡ್ಡಗದ್ದೆಯ ಒಂದು ಆಫೀಸಿನ ಕಂಪ್ಯೂಟರಂತೂ ಅಲ್ಲಿನ ಪುಟ್ಟಪ್ಪನೆಂಬ ಗುಮಾಸ್ತ ಎಡಗಡೆಗೆ ಒಂದು ಏಟು ಹಾಕಿದರೆ ಮಾತ್ರ ಶುರುವಾಗುತ್ತಿತ್ತು. ಬೇರೆಯವರು ಎಷ್ಟು ಹೊಡೆದರೂ ಕೂಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಪುಟ್ಟಪ್ಪನಿಗೆ ವರ್ಗವಾದ ಮೇಲೂ ಅವನನ್ನು ಕರೆಸಿ ಊಟ ಹಾಕಿ ಅವನ ಕೈಯಲ್ಲೇ ಹೊಡೆಸುತ್ತಿದ್ದರು. ವೀರೇಶ ಹೋದವನು ಒಳಗಿನ ರ‍್ಯಾಮ್ ಪಟ್ಟಿ ಕಿತ್ತು, ಮಕ್ಕಳ ರಬ್ಬರಿನಲ್ಲಿ ಅದರ ಹಲ್ಲು ಉಜ್ಜಿ, ಮತ್ತೆ ಕೂರಿಸಿದ. ಅವತ್ತಿನಿಂದ ಯಾರು ಗುಂಡಿ ಒತ್ತಿದರೂ ಶುರುವಾಯಿತು. ಪುಟ್ಟಪ್ಪ ಇವತ್ತಿಗೂ ವೀರೇಶನ ಮುಖ ನೋಡುವುದಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಮದುವೆ ಆಗಿರಲಿಲ್ಲ.

ಹಾಗಂತ ಹೆಣ್ಣು ನೋಡಿರಲಿಲ್ಲ ಎಂದಲ್ಲ. ಹದಿಮೂರು ವರ್ಷದ ಹಿಂದೆ ನರಸಿಂಹರಾಜಪುರದ ಸೋಮಶೇಖರಪ್ಪನವರ ಮಗಳು ದಾಕ್ಷಾಯಿಣಿಯನ್ನು ನೋಡಿ ಬಂದಿದ್ದ. ವ್ಯಾಪಾರಸ್ಥರ ಮನೆ, ಒಳ್ಳೇ ಜನ. ವೀರೇಶನಿಗೆ ಎಲ್ಲವೂ ಒಪ್ಪಿಗೆಯಾಗಿತ್ತು. ವಾರ ಬಿಟ್ಟು ಆ ಕಡೆಯಿಂದ ಮಾತು ಬಂತು: ಜಾತಕ ಕೂಡಲಿಲ್ಲ, ಹುಡುಗಿಗೆ ಸದ್ಯಕ್ಕೆ ಗುರುಬಲ ಇಲ್ಲ.

ಈ ಸೀಮೆಯಲ್ಲಿ ಇಂಥ ಮಾತು ಕೇಳಿದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಕಾಫಿ ಕುಡಿದ ಲೋಟ ಕೆಳಗಿಟ್ಟು ಬೇರೆ ಮನೆ ಹುಡುಕುತ್ತಾರೆ. ಆದರೆ ವೀರೇಶನ ಕಿವಿಗೆ ಬಿದ್ದದ್ದು ‘ಸದ್ಯಕ್ಕೆ’ ಎಂಬ ಒಂದೇ ಮಾತು. ಕಂಪ್ಯೂಟರಿನ ತೆರೆಯ ಮೇಲೆ ಮರಳುಗಡಿಯಾರ ತಿರುಗುತ್ತಿರುವಾಗ ಮೌಸ್ ಮುಟ್ಟಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವನು ಅವನು. ಮುಟ್ಟದೇ ಕಾದ. ತಾಯಿ ಅನ್ನಪೂರ್ಣಮ್ಮ ಬೇರೆ ಸಂಬಂಧ ತಂದಾಗೆಲ್ಲ, ಆ ಹುಡುಗಿಗೆ ಗುರುಬಲ ಬರಲಿ, ಆಮೇಲೆ ನೋಡುವ ಎಂದ. ದಾಕ್ಷಾಯಿಣಿಗೆ ಇನ್ನೂ ಮದುವೆಯಾಗಿಲ್ಲ, ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ ಎಂದು ಆಗಾಗ ಸುದ್ದಿ ಬರುತ್ತಿತ್ತು. ಅವಳೂ ಕಾಯುತ್ತಿದ್ದಾಳೆ ಎಂದುಕೊಳ್ಳಲು ಅವನಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಅವಳಿಗೆ ಗುರು ಯಾವಾಗ ಒಲಿಯುತ್ತಾನೆ ಎಂಬುದೊಂದೇ ಅವನ ಬದುಕಿನಲ್ಲಿ ಬಾಕಿ ಉಳಿದ ಪ್ರಶ್ನೆಯಾಗಿತ್ತು. ನಲವತ್ತು ದಾಟಿದರೂ ಅದು ಹಾಗೇ ಇತ್ತು.

ಅವಳಿಗೆ ಗುರುಬಲ ಇಲ್ಲವೆಂದು ಹೇಳಿದ್ದು ಶೃಂಗೇರಿಯ ಹರಿಹರನ ಕಂಪ್ಯೂಟರ್.

ಹರಿಹರ ಜ್ಯೋತಿಷಿಯಲ್ಲ, ಕಂಪ್ಯೂಟರ್ ಇದ್ದವನು. ಸುತ್ತಮುತ್ತ ಎಲ್ಲರಿಗಿಂತ ಮೊದಲು ಕಂಪ್ಯೂಟರ್ ಜಾತಕ ಶುರು ಮಾಡಿದ್ದು ಅವನು. ಹುಟ್ಟಿದ ದಿನ, ಗಳಿಗೆ, ಊರು ಹೇಳಿದರೆ ಪ್ರಿಂಟರ್ ಕರ್ರೋ ಎಂದು ಅರಚಿಕೊಂಡು ಉದ್ದನೆ ಕಾಗದ ಕಕ್ಕುತ್ತಿತ್ತು. ಕೊನೇ ಪುಟದಲ್ಲಿ ಸದ್ಯಕ್ಕೆ ಗುರುಬಲ ಇದೆಯೋ ಇಲ್ಲವೋ ಎಂಬುದು. ಮನುಷ್ಯರಾದರೆ ಕೊಟ್ಟ ದಕ್ಷಿಣೆಗೆ ತಕ್ಕ ಹಾಗೆ ಗ್ರಹಗಳನ್ನು ಆಚೀಚೆ ಸರಿಸಿಯಾರು, ಯಂತ್ರಕ್ಕೆ ಯಾರ ಹಂಗು ಎಂದು ಜನ ಮುಗಿಬಿದ್ದರು. ಪಂಚಾಂಗದಲ್ಲಿ ಬೇರೆ ಇದೆಯಲ್ಲ ಎಂದು ಒಬ್ಬ ಪುರೋಹಿತರು ತಕರಾರು ತೆಗೆದಾಗ ಹರಿಹರ, ಪಂಚಾಂಗದಲ್ಲಿ ಅಚ್ಚಿನ ತಪ್ಪು ಇರಬಹುದು, ಕಂಪ್ಯೂಟರಿಗೆ ಅದೆಲ್ಲಿಂದ ಬರಬೇಕು ಎಂದು ಕೇಳಿದ್ದ. ಪುರೋಹಿತರು ಪಂಚಾಂಗ ಬದಲಾಯಿಸಿದರು.

ಆ ಕಂಪ್ಯೂಟರನ್ನು ಹರಿಹರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಳಗಿನ ಜಾತಕದ ಪ್ರೋಗ್ರಾಂ ಆ ಒಂದು ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು, ಮಾಡಿದ ಕಂಪನಿಯವರು ಬಾಗಿಲು ಹಾಕಿ ಕಾಲವಾಗಿತ್ತು. ಬಿಚ್ಚಿದರೆ ಗ್ರಹಗತಿ ಕದಲೀತು ಎಂಬ ಭಯವೂ ಇತ್ತು. ಆದರೆ ಕಳೆದ ಜೂನಿನಲ್ಲಿ ಒಂದು ಸಿಡಿಲಿಗೆ ಅದು ಹೊಗೆ ಬಿಟ್ಟು ಸುಮ್ಮನಾಯಿತು. ಮದುವೆ ಮಾತುಕತೆಗಳು ಅಲ್ಲಲ್ಲೇ ನಿಂತವು. ಬೇರೆ ದಾರಿ ಕಾಣದೆ ಹರಿಹರ ವೀರೇಶನನ್ನು ಕರೆಸಿದ.

ವೀರೇಶ ಸಿಪಿಯು ಮುಚ್ಚಳ ಬಿಚ್ಚಿದ. ಒಳಗೆ ವಿಭೂತಿ, ಕುಂಕುಮ, ಊದುಬತ್ತಿ ಬೂದಿ, ಎರಡು ಒಣ ಹಲ್ಲಿ. ಪ್ರತಿ ಆಯುಧಪೂಜೆಯದ್ದೂ ಒಂದೊಂದು ಪದರ ಕೂತಿತ್ತು. ಸುಟ್ಟಿದ್ದು ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟು ಹಂಚುವ ಡಬ್ಬಿ. ತನ್ನ ಚೀಲದಿಂದ ಅದೇ ಕಾಲದ ಇನ್ನೊಂದನ್ನು ತೆಗೆದು ಜೋಡಿಸಿದ. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ತೆರೆ ಬೆಳಗಿತು, ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತಿತು.

ವೀರೇಶ ಅದನ್ನು ಓದುವಷ್ಟರಲ್ಲಿ ಹರಿಹರ ಅವನ ಹೆಗಲ ಮೇಲಿಂದ ಕೈ ಚಾಚಿ, ಕಣ್ಣು ಮುಚ್ಚಿ, ಕೀಬೋರ್ಡಿನ ಎಫ್ ಒಂದು ಎಂಬ ಗುಂಡಿ ಒತ್ತಿದ. ಆ ಒಂದು ಗುಂಡಿಗೆ ಮಾತ್ರ ಕುಂಕುಮವಿತ್ತು.

“ಅದ್ಯಾಕೆ ಒತ್ತಿದ್ರಿ ಹರಿಹರಣ್ಣ?”

“ದಿನಾ ಬೆಳಿಗ್ಗೆ ಒತ್ತೂದೇ. ಅದು ಅಪ್ಪಣೆ ಕೇಳ್ತದೆ ಮಾರಾಯ, ನಾವು ಕೊಡ್ಬೇಕು.”

ಅದು ಕೇಳುತ್ತಿದ್ದುದು ಅಪ್ಪಣೆಯಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ, ಇವತ್ತು ಯಾವ ದಿನವೆಂದು ನನಗೆ ಗೊತ್ತಿಲ್ಲ, ಪರವಾಗಿಲ್ಲ ಅನ್ನುವುದಾದರೆ ಎಫ್ ಒಂದು ಒತ್ತಿ ಎಂದು ಅದು ಹೇಳುತ್ತಿತ್ತು. ಆರಿಸಿಟ್ಟಾಗಲೂ ತಾರೀಕು ನೆನಪಿಟ್ಟುಕೊಳ್ಳಲಿ ಎಂದು ಪ್ರತಿ ಕಂಪ್ಯೂಟರಿನೊಳಗೂ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ ಕಂಪ್ಯೂಟರ್ ಪ್ರತಿ ಸಲವೂ ತಾನು ಹುಟ್ಟಿದ ಕಾಲಕ್ಕೇ ಎದ್ದು ಕೂರುತ್ತದೆ. ವೀರೇಶ ತೆರೆಯ ಮೂಲೆ ನೋಡಿದ. ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು.

ಎಷ್ಟು ವರ್ಷದಿಂದ ಹೀಗೆ ಅಪ್ಪಣೆ ಕೇಳುತ್ತಿದೆ ಎಂದು ವಿಚಾರಿಸಿದ. ಮಗಳು ಅರ್ಪಣಾ ಹುಟ್ಟಿದ ವರ್ಷದಿಂದ ಎಂದ ಹರಿಹರ. ಅರ್ಪಣಾ ಆಗಲೇ ಕಾಲೇಜಿಗೆ ಹೋಗುತ್ತಿದ್ದಳು. ಕಾಗದದ ಮೇಲಿನ ತಾರೀಕನ್ನು ಅವನು ರಬ್ಬರ್ ಮೊಹರಿನಲ್ಲಿ ಒತ್ತುತ್ತಿದ್ದ, ಅದು ಸರಿಯಾಗಿಯೇ ಇರುತ್ತಿತ್ತು. ಜಾತಕದ ಪ್ರೋಗ್ರಾಂ ಮಾತ್ರ ಇವತ್ತಿನ ಗುರು ಎಲ್ಲಿದ್ದಾನೆ ಎಂಬುದನ್ನು ಕಂಪ್ಯೂಟರಿನ ತಾರೀಕು ನೋಡಿ ಹೇಳುತ್ತಿತ್ತು. ಹೀಗಾಗಿ ಶೃಂಗೇರಿಯಲ್ಲಿ ಗುರು ಅಷ್ಟೂ ವರ್ಷ ಮಿಥುನ ರಾಶಿ ಬಿಟ್ಟು ಕದಲಿರಲಿಲ್ಲ. ವೃಷಭ, ಸಿಂಹ, ತುಲಾ, ಧನು, ಕುಂಭದ ಹುಡುಗಿಯರಿಗೆ ಯಾವ ವರ್ಷ ಕೇಳಿದರೂ ಗುರುಬಲ. ಉಳಿದ ಏಳು ರಾಶಿಯವರಿಗೆ ಯಾವ ವರ್ಷ ಕೇಳಿದರೂ ಇಲ್ಲ. ಮೂರು ತಾಲೂಕಿನಲ್ಲಿ ಮದುವೆಮನೆ ಊಟಕ್ಕೆ ಹೋದವರು, ಅದೇನು ಮಾರಾಯ, ಯಾವ ಮದುಮಗಳನ್ನು ಕೇಳಿದರೂ ತುಲಾ, ಇಲ್ಲವಾದರೆ ಸಿಂಹ ಎಂದು ಆಶ್ಚರ್ಯ ಪಟ್ಟಿದ್ದರು. ಕಾರಣ ಯಾರೂ ಹುಡುಕಿರಲಿಲ್ಲ.

ದಾಕ್ಷಾಯಿಣಿಯದು ಮಕರ ರಾಶಿ.

ವೀರೇಶ ಸತ್ತ ಬ್ಯಾಟರಿ ಕಿತ್ತ. ಚೀಲದಲ್ಲಿದ್ದ ಹೊಸ ಬ್ಯಾಟರಿ ಹಾಕಿದ. ತಾನು ಹೆಣ್ಣು ನೋಡಿ ಬಂದ ವಾರದ ತಾರೀಕನ್ನೇ ಕಂಪ್ಯೂಟರಿಗೆ ಕೊಟ್ಟ. ಹರಿಹರನನ್ನು ಕೇಳಿ ದಾಕ್ಷಾಯಿಣಿಯ ಹಳೇ ಜಾತಕ ತೆಗೆಸಿ, ಕೊನೇ ಪುಟ ಮತ್ತೆ ಹೊಡೆಸಿದ. ಪ್ರಿಂಟರ್ ಅರಚಿತು. ಗುರು ವೃಷಭದಲ್ಲಿ, ಮಕರಕ್ಕೆ ಐದನೇ ಮನೆ, ಪೂರ್ಣ ಗುರುಬಲ, ವಿವಾಹಕ್ಕೆ ಪ್ರಶಸ್ತ.

ಅಷ್ಟಕ್ಕೇ ಬಿಡಲಿಲ್ಲ. ಒಂದೊಂದೇ ವರ್ಷ ಮುಂದೆ ತಳ್ಳಿ ಪ್ರತಿಯೊಂದನ್ನೂ ಪ್ರಿಂಟ್ ತೆಗೆದ. ಒಂದು ವರ್ಷ ಬಿಟ್ಟು ಒಂದು ವರ್ಷ ಅನ್ನುವ ಹಾಗೆ ಅವಳಿಗೆ ಗುರುಬಲ ಬಂದು ಬಂದು ಹೋಗಿತ್ತು.

ಹರಿಹರ ಕಾಗದಗಳನ್ನು ನೋಡಿದ. ತಡವಾಗಿಯಾದರೂ ಅವನಿಗೂ ಅರ್ಥವಾಯಿತು. ಎದ್ದು ಹೋಗಿ ಅಂಗಡಿಯ ಬಾಗಿಲು ಓರೆ ಮಾಡಿ ಬಂದು ಕೂತ.

“ಆ ಬ್ಯಾಟ್ರಿ ತೆಗ್ದುಬಿಡು ವೀರೇಶ.”

“ತೆಗೆದ್ರೆ ಮತ್ತೆ ತಪ್ಪು ಹೇಳ್ತದೆ.”

“ಹೇಳ್ಲಿ. ಸರಿ ಹೇಳೋಕೆ ಶುರು ಮಾಡಿದ್ರೆ ಇಷ್ಟು ವರ್ಷದ್ದು ತಪ್ಪು ಅಂತ ಆಗ್ತದಲ್ಲ. ಇಲ್ಲ ಅಂತ ಹೇಳಿ ಕಳಿಸಿದವ್ರು ಎಲ್ಲ ಇಲ್ಲಿ ಬಂದು ಸಾಲಾಗಿ ನಿಂತ್ರೆ ನಾ ಎಂತ ಮಾಡ್ಲಿ?”

ವೀರೇಶ ಕ್ಷಣ ಯೋಚಿಸಿದ. ಹೆಚ್ಚಲ್ಲ. ತನಗೆ ಬೇಕಾದ ಕಾಗದ ಕೈಯಲ್ಲಿತ್ತು, ಯಂತ್ರ ಹರಿಹರನದು. ಉಗುರಿನಲ್ಲಿ ಕ್ಲಿಪ್ ಒತ್ತಿ ಹೊಸ ಬ್ಯಾಟರಿ ಎಬ್ಬಿಸಿ ಚೀಲಕ್ಕೆ ಹಾಕಿಕೊಂಡ. ಸತ್ತ ಬ್ಯಾಟರಿಯನ್ನು ಮಾತ್ರ ಅಂಗಿ ಜೇಬಿನಲ್ಲಿಟ್ಟುಕೊಂಡ. ಶೃಂಗೇರಿಯ ಗುರು ಮಿಥುನಕ್ಕೆ ವಾಪಸಾದ.

ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದ. ನಾಳೆಯೇ ನರಸಿಂಹರಾಜಪುರಕ್ಕೆ ಹೋಗುತ್ತೇನೆ, ಅಡ್ಡ ಇದ್ದದ್ದು ಒಂದು ಬ್ಯಾಟರಿ ಅಷ್ಟೇ, ಅದನ್ನೂ ತೆಗೆದಾಯಿತು ಎಂದ. ಅನ್ನಪೂರ್ಣಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಹೋಗ್ಬೇಡ ಮಗ.”

“ಯಾಕವ್ವ?”

ಜಾತಕ ಕೂಡಲಿಲ್ಲ ಎಂಬ ಮಾತನ್ನು ತಾನೂ ಈ ಮನೆಯ ಹೆಣ್ಣುಮಕ್ಕಳ ಪರವಾಗಿ ಎಷ್ಟೋ ಸಲ ಹೇಳಿ ಕಳಿಸಿದ್ದಳು, ಒಮ್ಮೆಯೂ ಜಾತಕ ಬಿಚ್ಚಿ ನೋಡಿರಲಿಲ್ಲ. ಅದನ್ನು ಮಗನಿಗೆ ಹೇಳಬೇಕೆಂದು ಬಾಯಿ ತೆರೆದಳು. ಅವನು ಕಾಗದಗಳನ್ನು ವರ್ಷವಾರು ಜೋಡಿಸಿ ಪಿನ್ನು ಹಾಕುತ್ತಿದ್ದ. ಛತ್ರಿ ತಗೊಂಡು ಹೋಗು ಎಂದಳು.

ದಾಕ್ಷಾಯಿಣಿಯ ಅಂಗಡಿ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಸಿಕ್ಕಿತು. ಒಂದು ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಬ್ಲೌಸುಗಳು, ಬಂದವರಿಗೆ ಒಂದು ಸ್ಟೂಲು. ಅವಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಅವನೇ ತನ್ನ ಗುರುತು ಹೇಳಬೇಕಾಗಿ ಬಂತು. ಹೇಳಿದ ಮೇಲೂ ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

“ಓ, ಕೊಪ್ಪದವ್ರು. ಕೂತ್ಕೊಳ್ಳಿ. ಅಮ್ಮ ಚೆನ್ನಾಗಿದಾರಾ?”

ವೀರೇಶ ಕೂರುವ ಮೊದಲೇ ಶುರು ಮಾಡಿದ. ಜೇಬಿನಿಂದ ಸತ್ತ ಬ್ಯಾಟರಿ ತೆಗೆದು ಹೊಲಿಗೆ ಯಂತ್ರದ ಹಲಗೆಯ ಮೇಲೆ, ದಾರದುಂಡೆಗಳ ಪಕ್ಕ ಇಟ್ಟ. ಸಿಡಿಲು, ಸುಟ್ಟ ಡಬ್ಬಿ, ಕುಂಕುಮದ ಗುಂಡಿ, ಜನವರಿ ಒಂದು ಎಲ್ಲವನ್ನೂ ಹೇಳಿದ. ಕೊನೆಗೆ ಮೊದಲನೇ ಕಾಗದ ಬಿಡಿಸಿ ಅವಳ ಮುಂದೆ ಹಿಡಿದು, ನಾನು ನೋಡಿಕೊಂಡು ಹೋದ ವಾರ ನಿಮಗೆ ಪೂರ್ಣ ಗುರುಬಲ ಇತ್ತು, ಅದು ನಿಮಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ, ಈಗ ಗೊತ್ತಾಯಿತು ಎಂದ. ಈಗ ಏನು ಅಡ್ಡಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕಾಗದವನ್ನು ಮಾತ್ರ ಹಿಡಿದುಕೊಂಡೇ ಇದ್ದ.

ದಾಕ್ಷಾಯಿಣಿ ಕಾಗದ ಮುಟ್ಟಲಿಲ್ಲ. ಅವಳಿಗೆ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು.

“ನಿಮಗೆ ಬೇಡ ಅಂದಿದ್ದು ಗುರು ಅಲ್ಲ. ನಾನು.”

ವೀರೇಶ ಹಿಡಿದಿದ್ದ ಕಾಗದ ಕೆಳಗಿಳಿಸಿದ.

“ಹೆಣ್ಣು ನೋಡೋಕೆ ಅಂತ ಬಂದ್ರಿ. ನಮ್ಮ ಮನೆ ಕಂಪ್ಯೂಟರ್ ಸದ್ದು ಮಾಡ್ತಿದೆ ಅಂತ ಬಿಚ್ಕೊಂಡು ಕೂತ್ರಿ. ನಾನು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಬಂದು ನಿಂತಿದ್ದೆ. ತಲೆ ಎತ್ತದೇ, ಸ್ವಲ್ಪ ಟಾರ್ಚ್ ಹಿಡೀರಿ ಅಂದ್ರಿ.”

“ಹಿಡಿದ್ರಲ್ಲ.”

“ಹಿಡಿದೆ. ಉಪ್ಪಿಟ್ಟು ಆರಿಹೋಯ್ತು. ನೀವು ಹೋದ್ಮೇಲೆ ಅಪ್ಪಂಗೆ ಬೇಡ ಅಂದೆ. ಅಪ್ಪ ಅದನ್ನ ಹಂಗೇ ನಿಮಗೆ ಹೇಳೋಕಾಗತ್ತಾ? ಸುಮ್ನೆ ಶಾಸ್ತ್ರಕ್ಕೆ ಹರಿಹರನ ಹತ್ರ ಹೋಗಿ ಕಾಗದ ತಂದ್ರು. ನೋಡಿದ್ರೆ ಅದ್ರಲ್ಲೂ ಇಲ್ಲ ಅಂತ ಇತ್ತು. ಒಂದು ಸುಳ್ಳು ಉಳೀತಲ್ಲ ಅಂತ ಅಪ್ಪಂಗೆ ಖುಷಿ ಆಯ್ತು.”

ಅವಳು ಹೀಗೆ ಹೇಳಿ ಯಂತ್ರದ ಮೇಲಿದ್ದ ಬ್ಲೌಸನ್ನು ಮತ್ತೆ ಕೈಗೆತ್ತಿಕೊಂಡಳು. ಅಲ್ಲಿಗೇ ಮುಗಿಯಬಹುದಿತ್ತು. ವೀರೇಶ ಎದ್ದು ಕೊಪ್ಪದ ಬಸ್ಸು ಹತ್ತಿದ್ದರೆ, ಆ ದಿನ ಅವನೊಬ್ಬನ ಬದುಕು ಮಾತ್ರ ಖಾಲಿ ಕಾಣುತ್ತಿತ್ತು. ಅವಳು ಸಂಜೆಯವರೆಗೆ ಹೊಲಿದು ಮನೆಗೆ ಹೋಗುತ್ತಿದ್ದಳು. ಆದರೆ ಒಂದೆರಡು ಹೊಲಿಗೆ ಹಾಕಿದ ಮೇಲೆ ಅವಳ ಕಾಲು ನಿಂತಿತು.

ಸೋಮಶೇಖರಪ್ಪನವರಿಗೆ ಅವತ್ತಿನಿಂದ ಆ ಕಂಪ್ಯೂಟರಿನ ಮೇಲೆ ನಂಬಿಕೆ ಕೂತುಬಿಟ್ಟಿತ್ತು. ಮಗಳ ಮನಸ್ಸಿನಲ್ಲಿದ್ದದ್ದನ್ನು ತಾನಾಗಿ ಹೇಳಿದ ಯಂತ್ರವಲ್ಲವೇ ಅದು. ನಂತರ ಬಂದದ್ದು ತೀರ್ಥಹಳ್ಳಿ ಕಡೆಯ ಸಂಬಂಧ. ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ಮಾತಾಡುತ್ತ ನಗುತ್ತಿದ್ದ, ಉಪ್ಪಿಟ್ಟನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದ. ತಂದೆ ಶೃಂಗೇರಿಗೆ ಹೋಗಿ ಬಂದು ಇಲ್ಲ ಎಂದರು. ಹುಡುಗನ ಮನೆಯವರು ಒಂದು ವರ್ಷ ಕಾಯುತ್ತೇವೆ ಎಂದರು. ವರ್ಷ ಬಿಟ್ಟು ತಂದೆ ಮತ್ತೆ ಹೋದರು, ಮತ್ತೆ ಇಲ್ಲ. ಆ ಹುಡುಗನ ಮಕ್ಕಳು ಈಗ ಪ್ರೈಮರಿ ಶಾಲೆಯಲ್ಲಿದ್ದಾರೆ. ಆಮೇಲೂ ಬಂದವರಿದ್ದರು, ಕಾಗದ ನೋಡಿ ಹೋದವರಿದ್ದರು. ತಂದೆ ಕೊನೆಗಾಲದಲ್ಲಿ, ನಿನ್ನ ಹಣೆಯಲ್ಲಿ ಬರೆದಿಲ್ಲ ಕೂಸೇ ಎಂದು ಅವಳ ಕೈ ಹಿಡಿದು ಅತ್ತಿದ್ದರು. ಅದನ್ನು ಅವಳು ನಂಬಿದ್ದಳು. ನಂಬಿದ್ದರಿಂದಲೇ ಈ ಅಂಗಡಿಯಲ್ಲಿ ನೆಮ್ಮದಿಯಾಗಿ ಕೂತು ಬೇರೆಯವರ ಮದುವೆ ಬ್ಲೌಸುಗಳನ್ನು ಹೊಲಿಯಲು ಸಾಧ್ಯವಾಗಿತ್ತು.

ಅದರಲ್ಲಿ ಅರ್ಧದಷ್ಟನ್ನು ಅವಳು ಈಗ ಗಟ್ಟಿಯಾಗಿ ಹೇಳಿದಳು, ಉಳಿದದ್ದನ್ನು ಹೇಳಲಿಲ್ಲ. ಹಲಗೆಯ ಮೇಲಿನ ಬ್ಯಾಟರಿಯನ್ನು ನೋಡುತ್ತಿದ್ದಳು.

“ಹಂಗಾದ್ರೆ ತೀರ್ಥಹಳ್ಳಿಯವ್ರು ಬಂದಾಗ್ಲೂ ಆ ಕಂಪ್ಯೂಟರ್‌ದು ಅದೇ ತಾರೀಕಾ?”

ಅಷ್ಟು ಹೊತ್ತೂ ವೀರೇಶ ಎಲ್ಲಿ ನೋಡಬೇಕೆಂದು ತಿಳಿಯದೆ ಕೂತಿದ್ದ. ಆದರೆ ಈ ಪ್ರಶ್ನೆ ಅವನಿಗೆ ಗೊತ್ತಿರುವ ಜಾಗದಿಂದ ಬಂದದ್ದು. ಅದಕ್ಕೆ ಉತ್ತರವಿತ್ತು. ಕಂಪ್ಯೂಟರ್ ವಿಷಯದಲ್ಲಿ ಯಾರಾದರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿ ಎಷ್ಟೋ ಕಾಲವಾಗಿತ್ತು. ಅವನು ಕತ್ತೆತ್ತಿದ.

“ಅದೇ ತಾರೀಕು. ಬದಲಾಗೋಕೆ ಸಾಧ್ಯನೇ ಇಲ್ಲ. ನಿಮ್ಮಪ್ಪ ಎರಡನೇ ಸಲ ಹೋಗಿ ಕೇಳಿದ್ದು ಯಾವ ವರ್ಷ?”

ಅವಳು ಹೇಳಿದಳು. ವೀರೇಶ ಪಿನ್ನು ಬಿಚ್ಚಿ ಕಾಗದಗಳನ್ನು ಮಗುಚಿದ. ಆ ವರ್ಷದ್ದು ಸಿಕ್ಕಿತು. ಅವಳಿಗೆ ಓದಲು ಸುಲಭವಾಗಲಿ ಎಂದು ಕಾಗದ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ಗುರು ಕರ್ಕಾಟಕದಲ್ಲಿ, ಮಕರಕ್ಕೆ ಏಳನೇ ಮನೆ, ಪೂರ್ಣ ಗುರುಬಲ.

ದಾಕ್ಷಾಯಿಣಿ ಓದಿದಳು. ಬ್ಲೌಸನ್ನು ಸೂಜಿಯಿಂದ ಬಿಡಿಸದೇ ಕೈ ಹಿಂದೆ ತೆಗೆದುಕೊಂಡಳು.

“ಇಷ್ಟಕ್ಕೇನಾ?” ಎಂದಳು. ಅವನನ್ನು ಕೇಳಿದ್ದಲ್ಲ.

“ಇಷ್ಟಕ್ಕೇ,” ಎಂದ ವೀರೇಶ. “ಇದೇನು ಅಪರೂಪದ್ದಲ್ಲ. ವಾಚಿನ ಅಂಗಡೀಲಿ ಸಿಗತ್ತೆ. ಇಪ್ಪತ್ತು ಮೂವತ್ತು ವರ್ಷದ ಬೋರ್ಡಿಗೂ ಇದೇ ಬ್ಯಾಟರಿ, ನಿನ್ನೆ ಬಂದ ಬೋರ್ಡಿಗೂ ಇದೇ. ಹರಿಹರಣ್ಣ ಒಂದೇ ಒಂದ್ಸಲ ಯಾರಿಗಾದ್ರೂ ತೋರ್ಸಿದ್ರೆ ಆಗ್ತಿತ್ತು.”

ಅವಳು ಎದ್ದಳು. ಯಂತ್ರಕ್ಕೂ ಸ್ಟೂಲಿಗೂ ನಡುವೆ ಜಾಗ ಕಡಿಮೆ ಇತ್ತು. ವೀರೇಶ ಮೊಣಕಾಲು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ, ಮಾತು ನಿಲ್ಲಿಸಲಿಲ್ಲ. ಅವಳು ಅವನನ್ನು ದಾಟಿ, ಹೊಸಿಲಲ್ಲಿದ್ದ ಚಪ್ಪಲಿಯನ್ನೂ ಮೆಟ್ಟಿಕೊಳ್ಳದೇ, ಅಂಗಡಿ ತೆರೆದೇ ಬಿಟ್ಟು, ಮೆಟ್ಟಿಲಿಳಿದು ರಸ್ತೆಯ ಜನರ ನಡುವೆ ನಡೆದು ಹೋದಳು. ವೀರೇಶ ಬ್ಯಾಟರಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದ.

“ಬಿಚ್ಚೋದೂ ಕಷ್ಟ ಇಲ್ಲ ನೋಡಿ, ಸ್ಕ್ರೂಡ್ರೈವರ್ ಕೂಡ ಬೇಡ, ಅಲ್ಲೊಂದು ಸಣ್ಣ ಕ್ಲಿಪ್ ಇರತ್ತೆ, ಅದನ್ನ ಉಗುರಲ್ಲಿ ಸ್ವಲ್ಪ ಆಚೆ ಒತ್ತಿದ್ರೆ ತನ್ನಷ್ಟಕ್ಕೆ ಮೇಲೆ ಏಳತ್ತೆ, ಹೊಸದನ್ನ ಇಡುವಾಗ ಮಾತ್ರ ಬರೆದಿರೋ ಕಡೆ ಮೇಲೆ ಬರ್ಬೇಕು...”